ಅಜ್ಜಿ-ಮೊಮ್ಮಕ್ಕಳೊಡನೆ ಮುಂಬಯಿಯ ವಸ್ತುಸಂಗ್ರಹಾಲಯಕ್ಕೆ

ಬೇಸಿಗೆಯ ರಜೆಯಲ್ಲೋ ದೀಪಾವಳಿಯ ಹೊತ್ತಿಗೋ ಊರಿನಿಂದ ನೆಂಟರಿಷ್ಟರು ಬಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಒಂದು ಸಿದ್ಧ ಕಾರ್ಯಕ್ರಮವಿರುತ್ತದೆ. ಒಂದು ದಿನ ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಇನ್ನೊಂದು ದಿನ ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್, ಸಂಜೆಗೆ ಚೌಪಾಟಿ. ಗೇಟ್‌ವೇಯಿಂದ ಹತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಗುಮ್ಮಟವನ್ನು ಟ್ಯಾಕ್ಸಿಯ ಕಿಟಕಿಯಿಂದಲೇ ತೋರಿಸಿ ಮುಂದೆ ಸಾಗುವವರೇ ಹೆಚ್ಚು. ಒಳಗೆ ಹೋಗೋಣವೆಂದು ಯಾರಾದರೂ ಅಂದರೆ, "ಅಮ್ಮನಿಗೆ ಅಷ್ಟು ನಡೆಯಲಾಗದು, ಮಗು ಅಳುತ್ತದೆ, ಇನ್ನೊಮ್ಮೆ ನೋಡೋಣ" ಎಂಬ ಉತ್ತರ ಬರುತ್ತದೆ. ಆ ಇನ್ನೊಮ್ಮೆ ಬರುವಷ್ಟರಲ್ಲಿ ಅಮ್ಮನ ಮೊಣಕಾಲು ಇನ್ನಷ್ಟು ಸವೆದಿರುತ್ತದೆ, ಮಗು ಕಾಲೇಜಿಗೆ ಸೇರಿರುತ್ತದೆ.

ಈ ಲೇಖನ ಅಂಥ ಮನೆಗಳಿಗಾಗಿ. ನಡೆಯಲು ಕಷ್ಟಪಡುವ ಹಿರಿಯರು, ಗಾಲಿಕುರ್ಚಿಯನ್ನು ಅವಲಂಬಿಸಿದವರು, ಕೈಗೂಸುಗಳು, ಚಡಪಡಿಸುವ ಮಕ್ಕಳು, ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಈ ಸಂಗ್ರಹಾಲಯವನ್ನು ಒಂದು ಬೆಳಗಿನಲ್ಲಿ ನೋಡಿಬರುವ ಬಗೆಯನ್ನು ನಾವು ಕಂಡುಕೊಂಡಷ್ಟರ ಮಟ್ಟಿಗೆ ಇಲ್ಲಿ ಹೇಳಲು ಯತ್ನಿಸಿದ್ದೇವೆ. ಕನ್ನಡಿಗರು ಈ ಕಟ್ಟಡಕ್ಕೆ ಹೋಗಲೇಬೇಕೆನ್ನಲು ನಮಗೊಂದು ಪ್ರತ್ಯೇಕ ಕಾರಣವೂ ಇದೆ. ಅದನ್ನು ಮುಂದೆ ನಿವೇದಿಸುತ್ತೇವೆ.

ಕಟ್ಟಡದ ಹಿನ್ನೆಲೆ

ಹಳಬರ ಬಾಯಲ್ಲಿ ಇದು ಇಂದಿಗೂ 'ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ'. 1905ರ ನವೆಂಬರ್ 11ರಂದು ಅಂದಿನ ಪ್ರಿನ್ಸ್ ಆಫ್ ವೇಲ್ಸ್, ಮುಂದೆ ಐದನೆಯ ಜಾರ್ಜ್ ದೊರೆಯಾದವನು, ಇದಕ್ಕೆ ಅಡಿಗಲ್ಲನ್ನಿಟ್ಟನು. ಗೇಟ್‌ವೇ ಆಫ್ ಇಂಡಿಯಾದ ಶಿಲ್ಪಿಯೂ ಆದ ಜಾರ್ಜ್ ವಿಟೆಟ್ ಇದರ ನಕ್ಷೆಯನ್ನು ರಚಿಸಿದನು. ಕುರ್ಲಾದ ಕಪ್ಪುಗಲ್ಲು ಹಾಗೂ ಮಲಾಡಿನ ಹಳದಿ ಛಾಯೆಯ ಕಲ್ಲುಗಳಿಂದ ಕಟ್ಟಿದ ಮೂರಂತಸ್ತಿನ ಈ ಭವನದ ಕಾಮಗಾರಿ 1914ರ ಹೊತ್ತಿಗೆ ಮುಗಿಯಿತು. ಆದರೆ ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿತ್ತು. ಸಂಗ್ರಹಾಲಯವಾಗಬೇಕಿದ್ದ ಕಟ್ಟಡ ಸೈನಿಕ ಆಸ್ಪತ್ರೆಯಾಯಿತು. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1922ರ ಜನವರಿ 10ರಂದು. ಈ ಹಜಾರಗಳನ್ನು ಮೊದಲು ಬಳಸಿದವರು ನಡೆಯಲಾರದ ಗಾಯಾಳುಗಳೆಂಬುದನ್ನು ನೆನೆದಾಗ, ಗಾಲಿಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋಗಲು ನಮಗೆ ಯಾವ ಸಂಕೋಚವೂ ಉಳಿಯಲಿಲ್ಲ.

ಒಳಗಿನ ಕಮಾನುಗಳ ಹೆಣಿಗೆಗೆ ವಿಟೆಟ್ ವಿಜಾಪುರದ ಗೋಲಗುಮ್ಮಟವನ್ನು ಮಾದರಿಯಾಗಿರಿಸಿಕೊಂಡನೆಂದು ಹೇಳುತ್ತಾರೆ. ನಡುಹಜಾರದಲ್ಲಿ ನಿಂತು ತಲೆಯೆತ್ತಿದರೆ ಗೋಲಗುಮ್ಮಟವನ್ನು ಕಂಡವರಿಗೆ ಆ ನೆನಪು ಬಾರದಿರದು. 1998ರಲ್ಲಿ ಸಂಸ್ಥೆಗೆ ಈಗಿನ ಹೆಸರು ಬಂದಿತು. 2022ರಲ್ಲಿ, ಶತಮಾನೋತ್ಸವದ ವರ್ಷದಲ್ಲಿಯೇ, ಕಟ್ಟಡದ ಜೀರ್ಣೋದ್ಧಾರ ಕಾರ್ಯಕ್ಕೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರಾ ಪ್ರಶಸ್ತಿಗಳಲ್ಲಿ ಅತ್ಯುನ್ನತವಾದುದು ದೊರೆಯಿತು.

ಒಂದು ಸೋತ ಪ್ರವಾಸ

ಕೆಲವು ವರ್ಷಗಳ ಹಿಂದೆ ಬೇರೊಂದು ನಗರದ ಸಂಗ್ರಹಾಲಯಕ್ಕೆ ನಾವು ಎಂಟು ಜನ ಹೋಗಿದ್ದೆವು. ಜೊತೆಯಲ್ಲಿ ಇಳಕಲ್ಲಿನಿಂದ ಬಂದ ನಮ್ಮ ಸೋದರತ್ತೆಯವರಿದ್ದರು; ಆಗಲೇ ಎಪ್ಪತ್ತೈದು ದಾಟಿದವರು. ಮೆಟ್ಟಿಲ ಬುಡದಲ್ಲಿ ನಿಂತ ಮೇಲಷ್ಟೇ ತಿಳಿದದ್ದು, ಲಿಫ್ಟ್ ಕೆಟ್ಟು ಎರಡು ವಾರವಾಗಿದೆಯೆಂದು. ಗಾಲಿಕುರ್ಚಿ ಇತ್ತು, ಅದನ್ನಿಟ್ಟ ಕೋಣೆಗೆ ಬೀಗವಿತ್ತು, ಬೀಗದ ಕೈ ಇದ್ದ ಸಿಬ್ಬಂದಿ ಅಂದು ರಜೆಯಲ್ಲಿದ್ದರು. "ನೀವೆಲ್ಲಾ ನೋಡ್ಕೊಂಡು ಬರ್ರಿ, ನಾ ಇಲ್ಲೇ ಕುಂತಿರ್ತೀನಿ" ಎಂದು ಅತ್ತೆಯವರು ಟಿಕೆಟು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಎರಡು ಗಂಟೆ ಕುಳಿತರು. ನಾವು ಓಡೋಡಿ ಎಲ್ಲವನ್ನೂ ನೋಡಿದೆವು, ಅಂದರೆ ಏನನ್ನೂ ನೋಡಲಿಲ್ಲ. ಹಿಂತಿರುಗುವಾಗ "ಏನೇನು ಇತ್ತೋ ಒಳಗ?" ಎಂದು ಅವರು ಕೇಳಿದಾಗ ಒಬ್ಬರಿಗೂ ಸರಿಯಾಗಿ ಹೇಳಲು ಬರಲಿಲ್ಲ.

ತಪ್ಪು ಆ ಸಂಸ್ಥೆಯದೆಷ್ಟೋ ನಮ್ಮದೂ ಅಷ್ಟೇ ಇತ್ತು. ಒಂದು ದೂರವಾಣಿ ಕರೆ ಮಾಡಿದ್ದರೆ ಬೇರೆ ದಿನ ಹೋಗಬಹುದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕ್ರಮ ಬಂದಿದೆ: ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಯಾರೋ, ಅವರ ನಡಿಗೆ, ಅವರ ಊಟದ ಹೊತ್ತು, ಅವರ ಔಷಧದ ಹೊತ್ತುಗಳ ಮೇಲೆ ಇಡೀ ದಿನದ ಲೆಕ್ಕ. ಉಳಿದವರು ಅದಕ್ಕೆ ಹೊಂದಿಕೊಳ್ಳುತ್ತಾರೆ. ಮಕ್ಕಳಿಗೆ ಇದರಿಂದ ಬೇಸರವಾಗುತ್ತದೆಯೆಂಬ ಅಂಜಿಕೆ ನಮಗಿತ್ತು. ವಾಸ್ತವದಲ್ಲಿ ಐದು ವರ್ಷದ ಮಗುವಿಗೂ ಎಂಬತ್ತರ ಅಜ್ಜಿಗೂ ದಣಿವಾಗುವ ಹೊತ್ತು ಹೆಚ್ಚುಕಡಿಮೆ ಒಂದೇ. ಓಡುವ ಆತುರವಿರುವುದು ನಡುವಯಸ್ಸಿನ ನಮಗೆ ಮಾತ್ರ.

ಹೊರಡುವ ಮುನ್ನ

ಈ ಸಂಗ್ರಹಾಲಯಕ್ಕೆ ವಾರದ ರಜೆಯಿಲ್ಲ. ಜನವರಿ 26, ಮೇ 1, ಆಗಸ್ಟ್ 15 ಹಾಗೂ ಅಕ್ಟೋಬರ್ 2ರಂದು ಮುಚ್ಚಿರುತ್ತದೆ. ಬೆಳಿಗ್ಗೆ 10.15ಕ್ಕೆ ಬಾಗಿಲು ತೆರೆದು ಸಂಜೆ 6ರವರೆಗೆ ಇರುತ್ತದೆ. ಶನಿವಾರ-ಭಾನುವಾರಗಳ ಮಧ್ಯಾಹ್ನ ಜನಜಂಗುಳಿ ಹೆಚ್ಚು. ವಾರದ ನಡುವಿನ ದಿನಗಳಲ್ಲಿ ಶಾಲಾ ಮಕ್ಕಳ ಸಾಲುಗಳು ಬರುತ್ತವೆ. ಬಾಗಿಲು ತೆರೆಯುವ ಹೊತ್ತಿಗೇ ತಲಪಿದರೆ ಮೊದಲ ಒಂದು ಗಂಟೆ ನೆಮ್ಮದಿಯಿಂದ ನೋಡಬಹುದು. ಜನವರಿಯ ಕೊನೆ, ಫೆಬ್ರವರಿಯ ಮೊದಲ ವಾರಗಳ ಸುಮಾರಿಗೆ ನಡೆಯುವ ಕಾಲಾ ಘೋಡಾ ಕಲಾ ಉತ್ಸವದ ದಿನಗಳಲ್ಲಿ ಆ ರಸ್ತೆಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಉತ್ಸವ ನೋಡತಕ್ಕದ್ದೇ, ಆದರೆ ಗಾಲಿಕುರ್ಚಿಯೊಡನೆ ಬೇಡ. ಮಳೆಗಾಲದ ಜೋರು ದಿನಗಳನ್ನೂ, ಸಮುದ್ರದ ಉಬ್ಬರವಿರುವ ಹೊತ್ತನ್ನೂ ಬಿಡುವುದು ಲೇಸು. ನೀರು ನಿಂತರೆ ರೈಲು ನಿಂತೀತು, ಟ್ಯಾಕ್ಸಿ ಸಿಗದು.

ಹಿಂದಿನ ದಿನ ದೂರವಾಣಿ ಮಾಡಿ ಕೇಳಬೇಕಾದ ಸಂಗತಿಗಳು ಇವು. ಗಾಲಿಕುರ್ಚಿ ಎಷ್ಟಿವೆ, ನಮಗಾಗಿ ಒಂದನ್ನು ಎತ್ತಿಡಬಹುದೇ? ಇಳಿಜಾರು ದಾರಿ ಯಾವ ಬಾಗಿಲಿನಲ್ಲಿದೆ, ಟ್ಯಾಕ್ಸಿ ಅಲ್ಲಿಯವರೆಗೆ ಬರಲು ಕಾವಲುಗಾರರು ಬಿಡುತ್ತಾರೆಯೇ? ಲಿಫ್ಟ್ ನಾಳೆ ನಡೆಯುತ್ತದೆಯೇ? ದುರಸ್ತಿಗಾಗಿ ಮುಚ್ಚಿದ ಗ್ಯಾಲರಿಗಳು ಯಾವುವು? ಗಾಲಿಕುರ್ಚಿ ಹಿಡಿಸುವ ಶೌಚಾಲಯ ಎಲ್ಲಿದೆ? ಈ ಕೊನೆಯ ಪ್ರಶ್ನೆಯನ್ನು ಕೇಳಲು ನಾಚಿಕೊಳ್ಳುವವರೇ ಬಹಳ. ಅದೇ ಕಾರಣಕ್ಕೆ ಮನೆಯಿಂದ ಹೊರಡುವಾಗ ನೀರನ್ನೇ ಕುಡಿಯದೆ ಬರುವ ಹಿರಿಯ ಹೆಂಗಸರನ್ನು ನಾವು ಕಂಡಿದ್ದೇವೆ. ಸೆಕೆಯ ಮುಂಬಯಿಯಲ್ಲಿ ಅದು ಅಪಾಯಕರ. ಉತ್ತರ ಮೊದಲೇ ತಿಳಿದಿದ್ದು ಅವರಿಗೂ ತಿಳಿಸಿದರೆ ನಿಶ್ಚಿಂತೆಯಿಂದ ಬರುತ್ತಾರೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂದ ಮೇಲೆ ಸಾರ್ವಜನಿಕ ಕಟ್ಟಡಗಳಲ್ಲಿ ಇಂಥ ಸೌಕರ್ಯ ಕೇಳುವುದು ಯಾಚನೆಯಲ್ಲ, ಹಕ್ಕು. ಆದರೂ ನೂರು ವರ್ಷದ ಹಳೆಯ ಕಲ್ಲಿನ ಕಟ್ಟಡದಲ್ಲಿ ಎಲ್ಲ ಮೂಲೆಗೂ ಗಾಲಿಕುರ್ಚಿ ಹೋಗುವಂತೆ ಮಾಡುವುದು ಸುಲಭವಲ್ಲವೆಂಬುದನ್ನೂ ಒಪ್ಪಬೇಕು. ಸಿಬ್ಬಂದಿಯೊಡನೆ ನಯವಾಗಿ, ಎರಡು ಮಾತು ಮರಾಠಿಯಲ್ಲಿ ಆಡಿದರೆ ಆಗುವ ಕೆಲಸ ಕಾಯಿದೆಯ ಪುಸ್ತಕ ತೋರಿಸಿದರೆ ಆಗದು.

ಹಿರಿಯ ನಾಗರಿಕರು, ಮಕ್ಕಳು, ವಿದ್ಯಾರ್ಥಿಗಳಿಗೆ ಪ್ರವೇಶ ದರದಲ್ಲಿ ರಿಯಾಯಿತಿಯುಂಟು; ವಯಸ್ಸಿನ ದಾಖಲೆಯನ್ನು ಮರೆಯದೆ ಒಯ್ಯಬೇಕು. ದೊಡ್ಡ ಚೀಲಗಳನ್ನು ಹೊರಗಿಡಬೇಕಾಗುತ್ತದೆ. ಆದ್ದರಿಂದ ಔಷಧ, ಕನ್ನಡಕ, ಮಗುವಿನ ಬಟ್ಟೆಗಳಿಗೆ ಒಂದು ಚಿಕ್ಕ ಕೈಚೀಲವನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ.

ತಲಪುವ ಬಗೆ

ನಮ್ಮವರು ಹೆಚ್ಚಾಗಿ ನೆಲೆಸಿರುವುದು ಉಪನಗರಗಳಲ್ಲಿ. ಡೊಂಬಿವಲಿ, ಥಾಣೆ, ಮುಲುಂಡ್, ಘಾಟ್ಕೋಪರ್, ಅಂಧೇರಿ, ಬೊರಿವಲಿಗಳಿಂದ ಹೊರಡುವವರಿಗೆ ಸಂಗ್ರಹಾಲಯದ ಮೆಟ್ಟಿಲಿಗಿಂತ ರೈಲು ನಿಲ್ದಾಣದ ಮೆಟ್ಟಿಲೇ ದೊಡ್ಡ ತೊಡಕು. ಚರ್ಚ್‌ಗೇಟ್ ಹಾಗೂ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ಗಳು ಕೊನೆಯ ನಿಲ್ದಾಣಗಳಾದುದರಿಂದ ಅಲ್ಲಿ ಪ್ಲಾಟ್‌ಫಾರಂ ರಸ್ತೆಯ ಮಟ್ಟದಲ್ಲಿಯೇ ಇದೆ, ಸೇತುವೆ ಹತ್ತಬೇಕಿಲ್ಲ. ಹತ್ತುವ ನಿಲ್ದಾಣದಲ್ಲಿ ಮಾತ್ರ ಲಿಫ್ಟ್ ಅಥವಾ ಎಸ್ಕಲೇಟರ್ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಲೋಕಲ್ ರೈಲಿನ ಅಂಗವಿಕಲರ ಡಬ್ಬಿಯಲ್ಲಿ ಪ್ರಯಾಣಿಸಲು ಪ್ರಮಾಣಪತ್ರ ಅಗತ್ಯ. ಮೊಣಕಾಲು ನೋವೊಂದೇ ಕಾರಣವಾದರೆ ಅಲ್ಲಿ ಪ್ರವೇಶವಿಲ್ಲ. ಬೆಳಗಿನ ಎಂಟರಿಂದ ಹತ್ತರ ನಡುವಿನ ರೈಲುಗಳ ಬಗ್ಗೆ ಮುಂಬಯಿಯವರಿಗೆ ನಾವು ಹೇಳಬೇಕಾದುದಿಲ್ಲ. ಭಾನುವಾರವಾದರೆ ಮೆಗಾಬ್ಲಾಕ್ ಇದೆಯೇ ಎಂದು ಹಿಂದಿನ ದಿನದ ಪತ್ರಿಕೆಯಲ್ಲಿ ನೋಡಿ.

2025ರ ಅಕ್ಟೋಬರ್ 9ರಿಂದ ಮೆಟ್ರೋದ ಮೂರನೆಯ ಮಾರ್ಗ ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿಯಾಗಿ ಓಡತೊಡಗಿರುವುದು ಹಿರಿಯರ ಪಾಲಿಗೆ ದೊಡ್ಡ ಉಪಕಾರ. ನೆಲದಡಿಯ ಈ ನಿಲ್ದಾಣಗಳಲ್ಲಿ ಲಿಫ್ಟ್‌ಗಳಿವೆ. ರೈಲಿನ ನೆಲವೂ ಪ್ಲಾಟ್‌ಫಾರಮ್ಮೂ ಒಂದೇ ಮಟ್ಟದಲ್ಲಿರುವುದರಿಂದ ಗಾಲಿಕುರ್ಚಿಯನ್ನು ಎತ್ತಬೇಕಾಗಿಲ್ಲ. ಘಾಟ್ಕೋಪರ್ ಕಡೆಯವರು ಒಂದನೆಯ ಮಾರ್ಗದಲ್ಲಿ ಬಂದು ಮರೋಳ್ ನಾಕಾದಲ್ಲಿ ಬದಲಾಯಿಸಬಹುದು. ಸಂಗ್ರಹಾಲಯಕ್ಕೆ ಹುತಾತ್ಮಾ ಚೌಕ ಹಾಗೂ ವಿಧಾನ ಭವನ ನಿಲ್ದಾಣಗಳು ಸಮೀಪ. ಅಲ್ಲಿಂದ ಮುಂದೆ ಗಟ್ಟಿಮುಟ್ಟಾದವರಿಗೆ ನಡಿಗೆ, ಉಳಿದವರಿಗೆ ಟ್ಯಾಕ್ಸಿ. ಇಷ್ಟು ಹತ್ತಿರಕ್ಕೆ ಬರಲು ಟ್ಯಾಕ್ಸಿಯವರು ಒಲ್ಲೆನ್ನುವುದುಂಟು. ಗಾಲಿಕುರ್ಚಿಯವರನ್ನು ತೋರಿಸಿ ಕೇಳಿದರೆ ಬಹುತೇಕ ಒಪ್ಪುತ್ತಾರೆ.

ಐಹೊಳೆಯ ಕಲ್ಲುಗಳ ಮುಂದೆ

ಐವತ್ತು ಸಾವಿರಕ್ಕೂ ಮಿಕ್ಕ ವಸ್ತುಗಳಿರುವ ಭವನವನ್ನು ಒಂದೇ ದಿನದಲ್ಲಿ ನೋಡಿ ಮುಗಿಸುವ ಹಟ ಬೇಡ. ಒಂದು ಬೆಳಗಿಗೆ ನಾಲ್ಕು ಗ್ಯಾಲರಿ ಸಾಕು, ಹಿರಿಯರಿದ್ದರೆ ಮೂರು. ಪ್ರತಿ ಗ್ಯಾಲರಿಯಲ್ಲೂ ಎರಡೋ ಮೂರೋ ವಸ್ತುಗಳ ಮುಂದೆ ಮನಸಾರೆ ನಿಲ್ಲುವುದು, ಉಳಿದುದನ್ನು ಕಣ್ಣಾಡಿಸಿ ಬಿಡುವುದು.

ಆರಂಭಿಸಬೇಕಾದುದು ನೆಲಮಹಡಿಯ ಮಟ್ಟದಲ್ಲಿ ನಡುಹಜಾರದ ಪಕ್ಕಕ್ಕೇ ಇರುವ ಶಿಲ್ಪಗಳ ಗ್ಯಾಲರಿಯಿಂದ. ಮೆಟ್ಟಿಲು-ಲಿಫ್ಟುಗಳ ಗೊಡವೆಯಿಲ್ಲದೆ ತಲಪಬಹುದಾದ ಗ್ಯಾಲರಿ ಇದು. ನಾವು ಮೊದಲಿಗೆ ಸೂಚಿಸಿದ ಪ್ರತ್ಯೇಕ ಕಾರಣವೂ ಇಲ್ಲಿಯೇ ಇದೆ. ಐಹೊಳೆಯ ಗುಡಿಯ ಛಾವಣಿಯಲ್ಲಿದ್ದ ದೊಡ್ಡ ಶಿಲಾಫಲಕಗಳನ್ನು ಇಲ್ಲಿ ಕಾಣಬಹುದು: ಋಷಿಗಳ ನಡುವಿನ ಬ್ರಹ್ಮ, ಶೇಷನ ಮೇಲಿನ ವಿಷ್ಣು, ಪಾರ್ವತಿಯೊಡನಿರುವ ಶಿವ. ಬಾದಾಮಿ ಚಾಲುಕ್ಯರ ಕಾಲದ, ಏಳನೆಯ ಶತಮಾನದ ಕೆತ್ತನೆಗಳಿವು. ಅಂತರಿಕ್ಷದಲ್ಲಿ ಹಾರುವ ಗಂಧರ್ವ ದಂಪತಿಗಳ ಫಲಕವೂ ಇದೆ. ಅದರಲ್ಲಿನ ವಸ್ತ್ರದ ಅಂಚು ಗಾಳಿಗೆ ಬಾಗಿದ ಬಗೆಯನ್ನು ನೋಡುತ್ತ ನಿಂತರೆ ಅದು ಕಲ್ಲೆಂಬುದೇ ಮರೆತುಹೋಗುತ್ತದೆ.

ಐಹೊಳೆಯ ಕಲ್ಲು ಮುಂಬಯಿಗೆ ಏಕೆ ಬಂತೆಂದು ಮಕ್ಕಳು ಕೇಳುತ್ತಾರೆ, ಕೇಳಬೇಕು ಕೂಡ. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಐಹೊಳೆ ಆಗ ವಿಜಾಪುರ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ವಿಜಾಪುರ, ಬೆಳಗಾವಿ, ಧಾರವಾಡ, ಕಾರವಾರಗಳು ಮುಂಬಯಿ ಆಡಳಿತದಲ್ಲಿದ್ದವು. ಅಂದಿನ ಕನ್ನಡಿಗನಿಗೆ ರಾಜಧಾನಿಯೇ ಮುಂಬಯಿ. ಉದ್ಯೋಗಕ್ಕೂ ವ್ಯಾಜ್ಯಕ್ಕೂ ಓದಿಗೂ ಅವನು ಇಲ್ಲಿಗೇ ಬಂದನು. ನಮ್ಮ ಅಜ್ಜಂದಿರು ಬಂದ ದಾರಿಯಲ್ಲಿಯೇ ಈ ಕಲ್ಲುಗಳೂ ಬಂದವೆನ್ನಬಹುದು. ಇವು ತಮ್ಮ ಗುಡಿಯಲ್ಲಿಯೇ ಇರಬೇಕಿತ್ತೆನ್ನುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಆ ಚರ್ಚೆಗೆ ಇದು ಸ್ಥಳವಲ್ಲ.

ಆ ಸೋತ ಪ್ರವಾಸದ ಮರುವರ್ಷ ಅತ್ತೆಯವರನ್ನು ಇಲ್ಲಿಗೆ ಕರೆತಂದೆವು. ಈ ಬಾರಿ ಕರೆ ಮಾಡಿದ್ದೆವು, ಗಾಲಿಕುರ್ಚಿ ಬಾಗಿಲಲ್ಲಿತ್ತು. ಮೊಮ್ಮಗಳು ಇಂಗ್ಲಿಷ್ ಮಾಧ್ಯಮದವಳು. ಅಜ್ಜಿಗೆ ಇಂಗ್ಲಿಷ್ ಬಾರದು, ಮಗುವಿಗೆ ಕನ್ನಡ ಓದಲು ಬಾರದು. ಫಲಕದ ಪಕ್ಕದ ಚೀಟಿಯನ್ನು ಮಗು "ಐಹೋಲ್" ಎಂದು ಗಟ್ಟಿಯಾಗಿ ಓದಿತು. ಅತ್ತೆಯವರು ಬೆಚ್ಚಿ, "ಐಹೋಲ್ ಅಲ್ಲವ್ವಾ, ಐಹೊಳಿ! ನಮ್ಮೂರಿಂದ ಹತ್ತಿರ" ಎಂದರು. ಐಹೊಳೆಯ ಗುಡಿಗಳಲ್ಲಿ ಇಂದಿಗೂ ಛಾವಣಿಯಲ್ಲೇ ಉಳಿದಿರುವ ಮೂರ್ತಿಗಳನ್ನು ಅವರು ಚಿಕ್ಕಂದಿನಲ್ಲಿ ನೋಡಿದ್ದರಂತೆ. "ಅಲ್ಲಿ ಮ್ಯಾಲ ನೋಡಿ ನೋಡಿ ಕುತ್ತಿಗಿ ನೋಯ್ತಿತ್ತು. ಇಲ್ಲಿ ದೇವರು ಕಣ್ಣ ಮುಂದ ಇಳದ ಬಂದಾನಲ್ಲೋ!" ಎಂದರು. ನಾವು ಎಷ್ಟೋ ಸಲ ಅದೇ ಫಲಕದ ಮುಂದೆ ಹಾದುಹೋಗಿದ್ದರೂ ಇದು ಹೊಳೆದಿರಲಿಲ್ಲ. ತಲೆಯ ಮೇಲೆ ಇರಲೆಂದು ಕೆತ್ತಿದ್ದನ್ನು ಗೋಡೆಗೆ ನಿಲ್ಲಿಸಿರುವುದರಿಂದ, ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಅದು ಗುಡಿಯಲ್ಲಿ ಕಂಡುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅರ್ಧ ಗಂಟೆ ಅಲ್ಲಿಂದ ಅಲುಗಲಿಲ್ಲ ಇಬ್ಬರೂ. ಮಗು ಬ್ರಹ್ಮನ ತಲೆಗಳನ್ನು ಎಣಿಸಿ ಮೂರೇ ಇವೆಯಲ್ಲ ಎಂದಿತು. ನಾಲ್ಕನೆಯದು ಹಿಂದೆ ಗೋಡೆಯೊಳಗಿದೆಯೆಂದು ಅಜ್ಜಿ ಹೇಳಿದರು.

ಸಂಗ್ರಹಾಲಯದ ಚೀಟಿಗಳಲ್ಲಿ ಇಂಗ್ಲಿಷ್, ಮರಾಠಿಗಳಿರುತ್ತವೆ. ಕನ್ನಡದಲ್ಲಿ ಹೇಳುವ ಕೆಲಸ ಮನೆಯವರದೇ. ಯಾರಾದರೊಬ್ಬರು ಮುಂಚಿತವಾಗಿ ಐದಾರು ವಸ್ತುಗಳ ವಿಷಯ ಓದಿಕೊಂಡು ಬಂದು, ಹಿರಿಯರಿಗೆ ಅರ್ಥವಾಗುವಂತೆ ಎರಡೆರಡು ಮಾತು ಹೇಳಿದರೆ ಸಾಕು. ಪುರಾಣದ ಕತೆಗಳ ವಿಷಯದಲ್ಲಿ ಅವರೇ ನಮಗೆ ಹೇಳುತ್ತಾರೆ.

ಇತರ ಗ್ಯಾಲರಿಗಳು

ಸಿಂಧೂ ಕಣಿವೆಯ ಸಂಸ್ಕೃತಿಯ ವಸ್ತುಗಳನ್ನು, ಸಿಂಧ್ ಪ್ರಾಂತದ ಮೀರ್‌ಪುರ್ ಖಾಸ್ ಸ್ತೂಪದ ಸುಟ್ಟ ಮಣ್ಣಿನ ಮೂರ್ತಿಗಳನ್ನು ಶಾಲೆಯಲ್ಲಿ ಇತಿಹಾಸ ಓದುತ್ತಿರುವ ಮಕ್ಕಳಿಗೆ ತೋರಿಸಬೇಕು. ಕಿರುಚಿತ್ರಗಳ ಗ್ಯಾಲರಿ ಅತ್ಯಮೂಲ್ಯವಾದುದು. ಆದರೆ ಬಣ್ಣ ಮಾಸದಿರಲೆಂದು ಅಲ್ಲಿ ಬೆಳಕು ಮಂದವಾಗಿರುವುದರಿಂದ, ಕಣ್ಣಿನ ಪೊರೆಯುಳ್ಳ ಹಿರಿಯರಿಗೆ ಅಷ್ಟು ಹಿತವೆನಿಸದು. ಆಯುಧಗಳ ಗ್ಯಾಲರಿಯಲ್ಲಿ ಅಕ್ಬರನ ಕವಚ ಹಾಗೂ ಗುರಾಣಿಗಳಿವೆ, ಹುಡುಗರಿಗೆ ಇಷ್ಟವಾಗುತ್ತದೆ. ನಾಣ್ಯಗಳ ಗ್ಯಾಲರಿಯ ಮುಂದೆ ನಾವು ಮಾತ್ರ ಬಹಳ ಹೊತ್ತು ನಿಂತೆವು. ದಿನವಿಡೀ ನೋಟು ಎಣಿಸುವ ವೃತ್ತಿಯವರಿಗೆ ಹಳೆಯ ನಾಣ್ಯದ ಮೇಲೆ ಮೋಹ ಸಹಜ, ಮನೆಯವರೆಲ್ಲ ಆಕಳಿಸುತ್ತಿದ್ದರು. ಟಾಟಾ ಸಹೋದರರಾದ ಸರ್ ರತನ್ ಮತ್ತು ಸರ್ ದೊರಾಬ್‌ರ ಸಂಗ್ರಹದಿಂದ ಬಂದ ಚೀನಾ, ಜಪಾನು, ಯುರೋಪಿನ ವಸ್ತುಗಳನ್ನು ಇನ್ನೊಂದು ಭೇಟಿಗೆ ಉಳಿಸಿಕೊಳ್ಳಬಹುದು.

ಮಕ್ಕಳ ಪಾಲು

ಪ್ರಾಣಿ-ಪಕ್ಷಿಗಳ ವಿಭಾಗವನ್ನು ರೂಪಿಸುವುದರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನೆರವಿತ್ತು. ರಾಜಹಂಸಗಳು, ಮಂಗಟ್ಟೆ ಹಕ್ಕಿ, ಕಾಡುಕೋಣ, ಹುಲಿಗಳನ್ನು ಅವುಗಳ ವಾಸಸ್ಥಾನದ ದೃಶ್ಯದೊಡನೆಯೇ ಗಾಜಿನ ಹಿಂದೆ ನಿಲ್ಲಿಸಿದ್ದಾರೆ. ಠಾಣೆ ಖಾರಿಯಲ್ಲಿ ರಾಜಹಂಸಗಳನ್ನು ಕಂಡ ಮಗುವಿಗೆ, ದಾಂಡೇಲಿಯಲ್ಲಿ ಮಂಗಟ್ಟೆಯನ್ನು ಕಂಡ ತಾತನಿಗೆ ಇಲ್ಲಿ ಮಾತಿಗೆ ಬರವಿಲ್ಲ. ಸತ್ತ ಪ್ರಾಣಿಗಳೆಂದು ಬೆದರುವ ಮಕ್ಕಳೂ ಇರುತ್ತಾರೆ. ಅವರನ್ನು ಬಲವಂತವಾಗಿ ಒಯ್ಯಬಾರದು.

2019ರಲ್ಲಿ ಇದೇ ಆವರಣದಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಸಂಗ್ರಹಾಲಯವೊಂದು ತೆರೆದಿದೆ. ಒಳಗಿನ ಕಾರ್ಯಕ್ರಮಗಳು ಆಗಾಗ ಬದಲಾಗುವುದರಿಂದ ಅಂದು ಏನಿದೆಯೆಂದು ಕೇಳಿಕೊಂಡು ಹೋಗಬೇಕು. ಅದರ ಸಮೀಪದಲ್ಲಿರುವ ಹಳೆಯ ಬಾವೊಬಾಬ್ ಮರವನ್ನು ಮಾತ್ರ ತಪ್ಪಿಸಬೇಡಿ. ಆಫ್ರಿಕಾ ಮೂಲದ, ಆನೆಯ ಕಾಲಿನಂಥ ಬುಡದ ಈ ಮರವನ್ನು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 'ದೊಡ್ಡಹುಣಸೆ' ಎನ್ನುತ್ತಾರೆ. ಅಲ್ಲಿಯ ಮಠದ ಆವರಣದ ಬೃಹತ್ ಮರಗಳು ಪ್ರಸಿದ್ಧವಾದವು. ಆ ಕಡೆಯ ಹಿರಿಯರು ಗುಂಪಿನಲ್ಲಿದ್ದರೆ ನಾವು ಹೇಳುವ ಮೊದಲೇ ಅವರು ಗುರುತು ಹಿಡಿಯುತ್ತಾರೆ.

ಕೈಗೂಸಿನ ತಾಯಂದಿರಿಗೆ ಒಂದು ಮಾತು. ಮಗು ಮಲಗುವ ಹೊತ್ತಿಗೆ ಸರಿಯಾಗಿ ಒಳಗೆ ಹೋದರೆ ತಾಯಿ ನಿಶ್ಚಿಂತೆಯಿಂದ ನೋಡಬಹುದು. ಹಾಲೂಡಿಸಲು ಅನುಕೂಲವಾದ ಸ್ಥಳ ಯಾವುದೆಂದು ಮಹಿಳಾ ಸಿಬ್ಬಂದಿಯನ್ನು ಕೇಳಿಕೊಳ್ಳಿ.

ವಿಶೇಷ ಅಗತ್ಯವುಳ್ಳವರು

ದೃಷ್ಟಿಯಿಲ್ಲದವರನ್ನು ಸಂಗ್ರಹಾಲಯಕ್ಕೆ ಕರೆದೊಯ್ದು ಏನು ಪ್ರಯೋಜನವೆಂದು ಹಲವರು ಭಾವಿಸುತ್ತಾರೆ. ದಿಲ್ಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ 2015ರಲ್ಲಿ 'ಅನುಭವ' ಎಂಬ ಗ್ಯಾಲರಿ ಆರಂಭವಾಯಿತು. ಮೂಲ ವಸ್ತುಗಳ ಪ್ರತಿಕೃತಿಗಳನ್ನು ಅಲ್ಲಿ ಮುಟ್ಟಿ ನೋಡಲೆಂದೇ ಇರಿಸಲಾಯಿತು. ಮೂಲ ಶಿಲ್ಪಗಳನ್ನು ಎಲ್ಲಿಯೂ ಮುಟ್ಟುವಂತಿಲ್ಲ. ಕೈಯ ಎಣ್ಣೆ, ಬೆವರು ಕಲ್ಲಿಗೆ ಕೇಡು. ಆದರೆ ಮುಂಬಯಿಯ ಈ ಕಟ್ಟಡದ ಹೊರಜಗಲಿಯಲ್ಲಿ ನಿಲ್ಲಿಸಿ, ಕುರ್ಲಾದ ಕಲ್ಲು ಇದು, ಮಲಾಡಿನ ಕಲ್ಲು ಅದು ಎಂದು ಗೋಡೆಗೆ ಬೆರಳು ತಾಗಿಸಿ ಹೇಳಬಹುದು; ಬಾವೊಬಾಬ್ ಮರದ ಬುಡಕ್ಕೆ ಕೈಯಿಡಿಸಬಹುದು; ನಡುಹಜಾರದಲ್ಲಿ ನಿಂತರೆ ಗುಮ್ಮಟದಡಿಯ ದನಿಯ ಮಾರ್ದನಿ ಅವರಿಗೆ ನಮಗಿಂತ ಚೆನ್ನಾಗಿ ಕೇಳುತ್ತದೆ.

ಗದ್ದಲಕ್ಕೆ ಕಳವಳಗೊಳ್ಳುವ ಮಕ್ಕಳಿದ್ದರೆ ವಾರದ ನಡುವೆ, ಶಾಲೆಗಳಿಗೆ ಪರೀಕ್ಷೆ ನಡೆಯುವ ದಿನಗಳಲ್ಲಿ ಹೋಗಿ. ಹೋಗುವ ಮುನ್ನ ಕಟ್ಟಡದ, ಗ್ಯಾಲರಿಗಳ ಚಿತ್ರಗಳನ್ನು ತೋರಿಸಿ, ಮೊದಲು ಇಲ್ಲಿ, ಆಮೇಲೆ ಇಲ್ಲಿ ಎಂದು ಪರಿಚಯಿಸಿದ್ದರೆ ಅವರಿಗೆ ಧೈರ್ಯ. ಮರೆವಿನ ಕಾಯಿಲೆಯ ಹಿರಿಯರ ಕಿಸೆಯಲ್ಲಿ ಮನೆಯವರ ದೂರವಾಣಿ ಸಂಖ್ಯೆಯ ಚೀಟಿ ಇರಲಿ. ಅಂಥವರ ಜೊತೆಗೆ ಒಬ್ಬರು ಸದಾ ಇರಬೇಕು. ಆ ಒಬ್ಬರು ಗಂಟೆಗೊಮ್ಮೆ ಬದಲಾಗಬೇಕು. ಮನೆಯ ಸೊಸೆಯೊಬ್ಬಳೇ ಇಡೀ ದಿನ ಕುರ್ಚಿ ತಳ್ಳಿ, ಉಳಿದವರೆಲ್ಲ ಚಿತ್ರ ತೆಗೆಸಿಕೊಳ್ಳುವ ದೃಶ್ಯವನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ.

ಸಂಘಗಳ ವತಿಯಿಂದ ಹೋಗುವುದಾದರೆ ಐವತ್ತು ಜನರನ್ನು ಒಂದೇ ಹಿಂಡಾಗಿ ನಡೆಸಬೇಡಿ. ಎಂಟು-ಹತ್ತು ಜನರ ತಂಡಗಳನ್ನು ಮಾಡಿ, ಪ್ರತಿ ತಂಡಕ್ಕೂ ಕನ್ನಡದಲ್ಲಿ ವಿವರಿಸಬಲ್ಲ ಒಬ್ಬ ಯುವಕನನ್ನೋ ಯುವತಿಯನ್ನೋ ಜೊತೆಮಾಡಿ, ಬೇರೆ ಬೇರೆ ಗ್ಯಾಲರಿಗಳಿಂದ ಆರಂಭಿಸಿದರೆ ಹಿರಿಯರಿಗೆ ಕುಳಿತುಕೊಳ್ಳಲು ಬೆಂಚು ಸಿಗುತ್ತದೆ.

ಊಟ, ವಿಶ್ರಾಂತಿ

ಒಂದೂವರೆ ಗಂಟೆ ಕಳೆದ ಮೇಲೆ ಹಸಿವಾಗಲಿ ಆಗದಿರಲಿ ಹೊರಗೆ ಬಂದು ಕುಳಿತುಕೊಳ್ಳಬೇಕು. ಆವರಣದಲ್ಲಿ ಉಪಾಹ್ಣಗೃಹವಿದೆ, ತೋಟವಿದೆ. ಮಧುಮೇಹದವರು ಹನ್ನೆರಡೂವರೆಗೆ ಊಟಕ್ಕೆ ಕೂರುವಂತಾಗಬೇಕು. ಕೋಟೆ ಪ್ರದೇಶದ ನಮ್ಮವರ ಉಡುಪಿ ಹೋಟೆಲುಗಳಲ್ಲಿ ಒಂದು ಗಂಟೆಯ ಮೇಲೆ ಕಚೇರಿಯವರ ನೂಕುನುಗ್ಗಲು. ಊಟದ ನಂತರ ಹಿರಿಯರು ಮನೆಗೆ ಮರಳಲು ಬಯಸಿದರೆ ಅಲ್ಲಿಗೇ ಮುಗಿಸಿ.

ಶಕ್ತಿಯುಳ್ಳವರಿಗೆ ಪಕ್ಕದಲ್ಲಿಯೇ ಜಹಾಂಗೀರ್ ಕಲಾ ಗ್ಯಾಲರಿ, ಪ್ರವೇಶಕ್ಕೆ ಹಣವಿಲ್ಲ. 1952ರಲ್ಲಿ ಸರ್ ಕಾವಸ್ಜಿ ಜಹಾಂಗೀರ್ ಇದನ್ನು ಕಟ್ಟಿಸಿದ್ದರ ಹಿಂದೆ ವಿಜ್ಞಾನಿ ಹೋಮಿ ಭಾಭಾ ಅವರೊಡನೆ ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಒತ್ತಾಸೆಯಿತ್ತೆಂಬುದು ಮಕ್ಕಳಿಗೆ ಗೊತ್ತಿರಲಿ. ಎದುರಿನ ಕರಿಕುದುರೆಯ ಪ್ರತಿಮೆಯೂ ಮಕ್ಕಳಿಗೆ ಮೆಚ್ಚುಗೆ. ಏಳನೆಯ ಎಡ್ವರ್ಡನ ಹಳೆಯ ಪ್ರತಿಮೆಯನ್ನು 1965ರಲ್ಲಿ ಭಾಯಖಳಾದ ಉದ್ಯಾನಕ್ಕೆ ಸಾಗಿಸಿದ ಮೇಲೂ ಹೆಸರು ಮಾತ್ರ ಉಳಿದಿತ್ತು; 2017ರಲ್ಲಿ ಸವಾರನಿಲ್ಲದ ಹೊಸ ಕುದುರೆ ಬಂದಿತು.

ಬೇರೆ ನಗರಗಳಲ್ಲಿ

ಇತರ ನಗರಗಳ ಕನ್ನಡಿಗರಿಗೂ ಎರಡು ಮಾತು. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅಲ್ಲಿಯ ಸಂಗೀತ ಗಡಿಯಾರದಲ್ಲಿ ಗಂಟೆಗೊಮ್ಮೆ ಪುಟ್ಟ ಬೊಂಬೆ ಹೊರಬಂದು ಗಂಟೆ ಬಾರಿಸುತ್ತದೆ. ಹನ್ನೆರಡಕ್ಕೆ ಜನ ಕಿಕ್ಕಿರಿಯುತ್ತಾರೆ. ಹಿರಿಯರಿದ್ದರೆ ಹನ್ನೊಂದರ ಗಂಟೆಗೇ ನೋಡಿಬಿಡಿ, ಬೊಂಬೆ ಅದೇ. ಚೆನ್ನೈಯ ಎಗ್ಮೋರಿನ ಸರ್ಕಾರಿ ಸಂಗ್ರಹಾಲಯಕ್ಕೂ ಶುಕ್ರವಾರವೇ ರಜೆ. ಅದು ಹಲವು ಕಟ್ಟಡಗಳ ಸಮೂಹವಾದುದರಿಂದ ಬಿಸಿಲಲ್ಲಿ ನಡೆಯುವುದಿದೆ, ಕಂಚಿನ ವಿಗ್ರಹಗಳ ಕಟ್ಟಡವೊಂದನ್ನೇ ಆರಿಸಿಕೊಂಡರೂ ಜನ್ಮ ಸಾರ್ಥಕ. ಪುಣೆಯ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯ ಹಳೆಯ ವಾಡೆಯ ಮಾದರಿಯದು, ಮೆಟ್ಟಿಲುಗಳು ಇಕ್ಕಟ್ಟು. ಮೊಣಕಾಲಿನ ತೊಂದರೆಯವರು ವಿಚಾರಿಸದೆ ಹೋಗಬಾರದು. ದಿಲ್ಲಿಯ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಸೋಮವಾರ ರಜೆ. ಅಲ್ಲಿಯೂ ಹೊರಡುವ ಮುನ್ನ, ಯಾವ ಗ್ಯಾಲರಿ ತೆರೆದಿದೆ, ಲಿಫ್ಟ್ ನಡೆಯುತ್ತಿದೆಯೇ, ಗಾಲಿಕುರ್ಚಿಯ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿಕೊಳ್ಳಿ.